ಇನ್ನೊಬ್ಬರ ದೈವಕರೆಗೋಸ್ಕರ ಪ್ರಾರ್ಥನೆ: ಪದೇ ಪದೇ ಕೇಳೋ ಪ್ರಶ್ನೆಗಳು

ಈ ಪ್ರಶ್ನೆಗಳು ನಾನು ಕೂತು ಯೋಚ್ನೆ ಮಾಡಿ ಬರ್ದಿದ್ದಲ್ಲ. ವಿರಾಜಪೇಟೆ ಕಡೆ ನಮ್ಮ ಕಥೋಲಿಕ ಚರ್ಚಿನ ವಾರ್ಡಲ್ಲಿ (ಅಕ್ಕಪಕ್ಕದ ಮನೆಗಳ ಗುಂಪು) ಪ್ರತಿ ತಿಂಗಳ ಮೊದಲ ಗುರುವಾರ ಸಂಜೆ ದೈವಕರೆಗೋಸ್ಕರ, ಅಂದ್ರೆ ದೇವ್ರು ಒಬ್ಬೊಬ್ರನ್ನ ಒಂದೊಂದು ದಾರಿಗೆ ಕರೆಯೋದಕ್ಕೋಸ್ಕರ ಅಂತಾನೇ ಒಂದು ಸಣ್ಣ ಪ್ರಾರ್ಥನೆ ಇಟ್ಕೊಂಡಿದ್ದೀವಿ, ಅದು ಮುಗಿದ್ಮೇಲೆ ಕಾಫಿ ಕುಡೀತಾ ಕೇಳಿದ್ದು, ಪೂಜೆ ಮುಗಿಸಿ ಚರ್ಚಿನ ಮೆಟ್ಲಲ್ಲಿ ನಿಂತು ಕೇಳಿದ್ದು, ಗೋಣಿಕೊಪ್ಪ ಬಸ್ಸಲ್ಲಿ ಪಕ್ಕ ಕೂತು ಕೇಳಿದ್ದು, ಒಂದೆರಡು ಕಾಗದದಲ್ಲಿ ಬಂದಿದ್ದು, ಹೀಗೆ ಕೂಡಿದ್ದು. ಕೇಳಿದವ್ರ ಮಾತನ್ನ ಆದಷ್ಟು ಹಾಗೇ ಬಿಟ್ಟಿದ್ದೀನಿ. ನಾನು ನಾಲ್ಕೆಕರೆ ಕಾಫಿ ಇರೋ ಮನೆಯ ಹೆಂಗಸು, ದೇವಶಾಸ್ತ್ರ ಓದಿದವಳಲ್ಲ, ಎಲ್ಲಾದ್ರೂ ಎಡವಿದ್ರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನ, ಅಂದ್ರೆ ನಿಮ್ಮ ಚರ್ಚಿನ ಫಾದರ್ನ ಕೇಳಿ ಸರಿ ಮಾಡ್ಕೊಳ್ಳಿ.

## ಶುರು ಮಾಡೋರಿಗೆ

ದೈವಕರೆ ಅಂದ್ರೆ ಫಾದರ್ ಸಿಸ್ಟರ್ ಆಗೋದು ತಾನೇ ಅಕ್ಕ? ನಮ್ಮೆಜಮಾನ್ರು ಎಸ್ಟೇಟಲ್ಲಿ ರೈಟರು, ಅವ್ರಿಗೆಲ್ಲಿಂದ ಬಂತು ಕರೆ?

ಸ್ನಾನದೀಕ್ಷೆ (ಬ್ಯಾಪ್ಟಿಸಂ) ಆದ ಪ್ರತಿಯೊಬ್ರಿಗೂ ಕರೆ ಇದೆ. ಇದು ನಮ್ಮ ವಾರ್ಡಿನ ಹೊಸ ಬೋಧನೆ ಏನಲ್ಲ, ಎರಡನೇ ವ್ಯಾಟಿಕನ್ ಮಹಾಸಭೆ (ಪ್ರಪಂಚದ ಕಥೋಲಿಕ ಧರ್ಮಾಧ್ಯಕ್ಷರೆಲ್ಲಾ ಸೇರಿದ್ದ ಸಭೆ) 1964ರಲ್ಲಿ ಧರ್ಮಸಭೆಯ ಬಗ್ಗೆ ಹೊರಡಿಸಿದ ದಸ್ತಾವೇಜಲ್ಲಿ ಒಂದಿಡೀ ಅಧ್ಯಾಯ ಇದರ ಮೇಲೇ ಇದೆ, ಪವಿತ್ರವಾಗಿ ಬದುಕೋ ಕರೆ ಎಲ್ರಿಗೂ ಸೇರಿದ್ದು ಅಂತ. ಮದುವೆ ಆಗಿ ಸಂಸಾರ ಮಾಡೋದು ಕರೆ, ಮದುವೆ ಆಗ್ದೇ ಅಪ್ಪ ಅಮ್ಮನ್ನ ನೋಡ್ಕೊಂಡಿರೋದು ಕರೆ, ಆಸ್ಪತ್ರೆಲಿ ನೈಟ್ ಡ್ಯೂಟಿ ಮಾಡೋ ನರ್ಸ್ ಹುಡುಗಿದೂ ಕರೆನೇ. ನಿಮ್ಮೆಜಮಾನ್ರ ವಿಷ್ಯ ಹೇಳ್ತೀನಿ ಕೇಳಿ, ಸಂಜೆ ಕಾಫಿ ಹಣ್ಣು ತೂಕ ಹಾಕುವಾಗ ತೋಟದ ಆಳುಗಳಿರೋ ಲೈನ್‌ಮನೆ ಹೆಂಗಸು ಇಡೀ ದಿನ ಕುಯ್ದ ಚೀಲ ತಕ್ಕಡಿಗೆ ಏರತ್ತಲ್ಲ, ಆವಾಗ ಪುಸ್ತಕದಲ್ಲಿ ಅರ್ಧ ಕೆ.ಜಿ. ಕಮ್ಮಿ ಬರೀದೇ ಇರೋಕೆ ಒಳಗಿಂದ ಒಂದು ದನಿ ಬೇಕು. ಆ ದನಿ ಅವ್ರಿಗೆ ದಿನಾ ಕೇಳಿಸ್ಲಿ ಅಂತ ನೀವು ಪ್ರಾರ್ಥನೆ ಮಾಡಿದ್ರೆ ಅದು ಇನ್ನೊಬ್ರ ದೈವಕರೆಗೆ ಮಾಡಿದ ಪ್ರಾರ್ಥನೆ ಅಲ್ದೆ ಮತ್ತೇನು?

ಆದ್ರೆ ನನ್ನ ಹತ್ರ ಬರೋ ಪ್ರಶ್ನೆ ಮುಕ್ಕಾಲು ಪಾಲು ಗುರುಗಳು, ಸಿಸ್ಟರ್‌ಗಳು, ಫಾದರ್ ಆಗೋಕೆ ಸೆಮಿನರೀಲಿ ಓದೋ ಹುಡುಗ್ರ ಬಗ್ಗೆನೇ ಇರತ್ತೆ, ಅದ್ಕೆ ಕೆಳಗೆ ಅದೇ ಜಾಸ್ತಿ.

ಕರೆಯೋನು ದೇವ್ರು, ಹೋಗೋರು ಅವ್ರು, ಮಧ್ಯ ನಮ್ದೇನು ಕೆಲ್ಸ?

ನ್ಯಾಯವಾದ ಪ್ರಶ್ನೆ. ಉತ್ತರ ಯೇಸುಸ್ವಾಮಿದೇ, ಮತ್ತಾಯ 9ನೇ ಅಧ್ಯಾಯದ ಕೊನೇಲಿ ಇದೆ, ಬೆಳೆ ಬೇಕಾದಷ್ಟಿದೆ ಆಳುಗಳು ಕಮ್ಮಿ, ಆಳು ಕಳ್ಸು ಅಂತ ಬೆಳೆಯ ಯಜಮಾನನ್ನ ಕೇಳಿ ಅಂತ. ಡಿಸೆಂಬರಲ್ಲಿ ಹಣ್ಣು ಕೆಂಪಾಗಿ ಉದುರ್ತಾ ಇರುವಾಗ ಆಳು ಸಿಗದೇ ಫೋನ್ ಮೇಲೆ ಫೋನ್ ಮಾಡಿದವ್ರಿಗೆ ಈ ಮಾತನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಇಷ್ಟೇ ಅಲ್ಲ, ಹನ್ನೆರಡು ಜನ್ರನ್ನ ಆರಿಸೋಕೆ ಮುಂಚೆ ಅವ್ರೇ ಬೆಟ್ಟಕ್ಕೆ ಹೋಗಿ ರಾತ್ರಿಯಿಡೀ ಪ್ರಾರ್ಥನೆ ಮಾಡಿದ್ರು (ಲೂಕ 6). ಆರಿಸಿದ್ಮೇಲೂ ಬಿಡ್ಲಿಲ್ಲ, ನಿನ್ನ ವಿಶ್ವಾಸ ಕುಂದಬಾರ್ದು ಅಂತ ನಿನಗೋಸ್ಕರ ಬೇಡ್ಕೊಂಡಿದ್ದೀನಿ ಅಂತ ಪೇತ್ರನಿಗೆ ಹೇಳ್ತಾರೆ (ಲೂಕ 22). ಮಜಾ ನೋಡಿ, ಸಾಕ್ಷಾತ್ ಯೇಸುನೇ ಪ್ರಾರ್ಥನೆ ಮಾಡಿದ್ರೂ ಪೇತ್ರ ಅವತ್ತೇ ರಾತ್ರಿ ಮೂರು ಸಲ ಆ ಮನುಷ್ಯ ಯಾರೋ ನಂಗೊತ್ತಿಲ್ಲ ಅಂದ. ಆಮೇಲೆ ಅತ್ತ, ಎದ್ದ. ಅಂದ್ರೆ ಪ್ರಾರ್ಥನೆ ಮಾಡಿದ್ವಿ ಅಂತ ಯಾರೂ ಬೀಳೋದೇ ಇಲ್ಲ ಅಂತೇನಿಲ್ಲ.

ನಾನು ಅರ್ಥ ಮಾಡ್ಕೊಂಡಿರೋದು ಇಷ್ಟು: ನಾವು ಆ ಹುಡುಗನಿಗೋ ಹುಡುಗಿಗೋ ಕೇಳೋ ಕಿವಿ ಕೊಡು ಅಂತ ಬೇಡ್ತೀವಿ, ನಮಗೆ ಬೇಕಾದ ಉತ್ತರ ಅವ್ರ ಬಾಯಿಂದ ಬರ್ಲಿ ಅಂತಲ್ಲ. ಹ್ಞೂಂ ಅನ್ನೋಕೆ ಧೈರ್ಯ ಬೇಕು, ಇದು ನನ್ ದಾರಿ ಅಲ್ಲ ಅನ್ನೋಕೆ ಇನ್ನೂ ಜಾಸ್ತಿ ಧೈರ್ಯ ಬೇಕು, ಎರಡೂ ಕೇಳ್ಬೇಕು. ಇದನ್ನ ಕಲಿಯೋಕೆ ನಂಗೆ ತುಂಬಾ ವರ್ಷ ಹಿಡೀತು, ಯಾಕೆ ಅಂತ ಮುಂದೆ ಹೇಳ್ತೀನಿ.

ನಂಗೆ ಚೆನ್ನಾಗಿ ಮಾತಾಡಿ ಪ್ರಾರ್ಥನೆ ಮಾಡೋಕೆ ಬರಲ್ಲ, ಏನಂತ ಹೇಳ್ಲಿ?

ಚೆನ್ನಾಗಿ ಮಾತಾಡೋದು ಬೇಕಾಗಿಲ್ಲ. ಜಪಸರ (ಮಣಿ ಎಣಿಸ್ತಾ ಮರಿಯಮ್ಮನಿಗೆ ಹೇಳೋ ಪ್ರಾರ್ಥನೆ) ಗೊತ್ತಿದ್ರೆ ಒಂದು ಹತ್ತು ಮಣಿ ಒಬ್ರ ಹೆಸ್ರಲ್ಲಿ ಹೇಳಿ. ಅದೂ ಆಗ್ಲಿಲ್ಲ ಅಂದ್ರೆ ನಮ್ಮತ್ತೆ ಒಲೆ ಮುಂದೆ ಅಕ್ಕಿರೊಟ್ಟಿ ತಟ್ಟುವಾಗ ಹೇಳ್ತಾ ಇದ್ದಿದ್ದು ನಂಗೆ ಬಾಯಿಗೆ ಬಂದಿದೆ: "ಸ್ವಾಮಿ, ಆ ಮಗು ಎಲ್ಲಿದ್ಯೋ ಅಲ್ಲಿಗೆ ನಿಮ್ಮ ದನಿ ಮುಟ್ಲಿ. ಹೆದ್ರಿಕೆ ಆದ್ರೆ ಜೊತೆಗಿರಿ. ದಾರಿ ತಪ್ಪಿದ್ರೆ ತಿರುಗ್ಸಿ. ಊಟ ನಿದ್ದೆ ಸರಿಯಾಗಿ ಆಗ್ಲಿ." ಊಟ ನಿದ್ದೆ ಯಾಕೆ ಅಂತ ನಗ್ಬೇಡಿ, ಹದಿನೆಂಟು ವರ್ಷದ ಹುಡುಗ ಮನೆ ಬಿಟ್ಟು ಹಾಸ್ಟೆಲ್ ಥರ ಜಾಗದಲ್ಲಿ ಇರುವಾಗ ಅರ್ಧ ಕಷ್ಟ ಅದೇ.

ದಿನಕ್ಕೆ ಎಷ್ಟೊತ್ತು ಮಾಡ್ಬೇಕು?

ಐದು ನಿಮಿಷ, ಆದ್ರೆ ಬಿಡದೇ. ಕುಯ್ಲಿನ ಟೈಮಲ್ಲಿ ಕಣದಲ್ಲಿ ಕಾಫಿ ಮಗುಚ್ತಾ ಮಾಡಿ, ಮಳೆಗಾಲದಲ್ಲಿ ಹೇಗೂ ಕರೆಂಟ್ ಇರಲ್ಲ ಟೀವಿ ಇರಲ್ಲ, ಇನ್ನೊಂದು ಹತ್ತು ನಿಮಿಷ ಸೇರ್ಸಿ.

ಇದಕ್ಕೆ ಅಂತ ಬೇರೆ ದಿನ ಇದ್ಯಾ?

ಪಾಸ್ಕ ಕಾಲದ (ಈಸ್ಟರ್ ಹಬ್ಬದಿಂದ ಶುರುವಾಗೋ ವಾರಗಳು) ನಾಲ್ಕನೇ ಭಾನುವಾರ, ಒಳ್ಳೆ ಕುರುಬನ ಭಾನುವಾರ ಅಂತೀವಲ್ಲ ಅವತ್ತು. ಆರನೇ ಪೌಲ್ ಪೋಪರು ಸ್ಥಾಪಿಸಿದ್ದು, 1964ರಿಂದ ಪ್ರಪಂಚದಾದ್ಯಂತ ದೈವಕರೆಗೋಸ್ಕರ ಪ್ರಾರ್ಥನೆ ಮಾಡೋ ದಿನ ಅದು. ಇನ್ನು ಪವಿತ್ರ ಗುರುವಾರ ಗುರುಗಳಿಗೋಸ್ಕರ, ಆಗಸ್ಟ್ 4ಕ್ಕೆ ಸಂತ ಜಾನ್ ಮರಿಯ ವಿಯಾನ್ನಿ ಹಬ್ಬ, ಅವ್ರು ಧರ್ಮಕೇಂದ್ರದ ಗುರುಗಳ ಪಾಲಕ. ನಾವು ಗುರುವಾರ ಇಟ್ಕೊಂಡಿರೋದು ಕೊನೆ ಭೋಜನದ ನೆನಪಿಗೆ.

## ನಡ್ಸೋದು ಹೇಗೆ

ಗೊತ್ತಿಲ್ಲದ ಯಾರಿಗೋ ಪ್ರಾರ್ಥನೆ ಮಾಡಿದ್ರೆ ಮುಟ್ಟತ್ತಾ? ಹೆಸ್ರು ಬೇಡ್ವಾ?

ಹೆಸ್ರಿದ್ರೆ ಮನಸ್ಸು ಅಲ್ಲಿ ಇಲ್ಲಿ ಓಡಲ್ಲ, ಅದು ನಮ್ಮ ಅನುಕೂಲ. ಮುಟ್ಟೋ ವಿಷ್ಯಕ್ಕೆ ಬಂದ್ರೆ ನಂಗಿಷ್ಟವಾದ ಉದಾಹರಣೆ ಬಾಲಯೇಸುವಿನ ಸಂತ ತೆರೇಸಾ. ಹದಿನೈದನೇ ವಯಸ್ಸಿಗೆ ಫ್ರಾನ್ಸಿನ ಲಿಸ್ಯೂ ಊರಿನ ಕಾರ್ಮೆಲ್ ಮಠ ಸೇರಿದ ಹುಡುಗಿ, ಸೇರಿದ್ಮೇಲೆ ಆ ಗೋಡೆ ದಾಟ್ಲಿಲ್ಲ, 1897ರಲ್ಲಿ 24 ವರ್ಷಕ್ಕೆ ಕ್ಷಯ ಬಂದು ತೀರ್ಕೊಂಡ್ರು. ಮಠದ ಮದರು ಅವ್ರಿಗೆ ಇಬ್ರು ಮಿಷನರಿಗಳನ್ನ ಒಪ್ಪಿಸಿದ್ರು, ಇವರಿಬ್ರಿಗೋಸ್ಕರ ಪ್ರಾರ್ಥನೆ ಮಾಡು, ಕಾಗದ ಬರಿ ಅಂತ. ಒಬ್ರು ಮೊರಿಸ್ ಬೆಲ್ಲಿಯೇರ್, ಆಫ್ರಿಕಾಕ್ಕೆ ಹೋದ್ರು. ಇನ್ನೊಬ್ರು ಅಡಾಲ್ಫ್ ರೂಲಾಂ, ಚೀನಾಕ್ಕೆ. ತಾನು ಹೋಗಕ್ಕಾಗದ ಜಾಗಕ್ಕೆ ಪ್ರಾರ್ಥನೇಲಿ ಹೋದ ಈ ಹುಡುಗೀನ 1927ರಲ್ಲಿ ಪೋಪರು ಮಿಷನ್‌ಗಳ ಪಾಲಕಿ ಅಂತ ಘೋಷಿಸಿದ್ರು, ಅದೂ ಊರೂರು ಸುತ್ತಿದ ಸಂತ ಫ್ರಾನ್ಸಿಸ್ ಝೇವಿಯರ್ ಪಕ್ಕದಲ್ಲಿ. ಇನ್ನೊಂದು ಸಂಗತಿ, ರೂಲಾಂ ಸೇರಿದ್ದ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫಾದರ್‌ಗಳೇ ನಮ್ಮ ಮೈಸೂರು ಮಿಷನ್ನಲ್ಲೂ ಕೆಲ್ಸ ಮಾಡಿದ್ದು, ನಮ್ಮ ಕೊಡಗು ಈಗ್ಲೂ ಮೈಸೂರು ಧರ್ಮಪ್ರಾಂತ್ಯಕ್ಕೇ ಸೇರತ್ತೆ. ಅಲ್ಲಿ ಯಾವ ಅಜ್ಜಿ ಯಾರ ಹೆಸ್ರು ಗೊತ್ತಿಲ್ದೇ ಮಣಿ ಎಣಿಸಿದ್ಲೋ ಇಲ್ಲಿ ನಾವು ಪೂಜೆಗೆ ಹೋಗ್ತಾ ಇದ್ದೀವಿ.

ನಾವು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟೆಂಟ್), ನಮ್ಮಲ್ಲಿ ಜಪಸರ ಇಲ್ಲ, ದೈವಕರೆ ಭಾನುವಾರ ಇಲ್ಲ. ಇದು ನಮಗೆ ಅನ್ವಯ ಆಗತ್ತಾ?

ನಮ್ಮ ಯಜಮಾನ್ರ ಮನೆ ಕಡೆಯವ್ರು ಸಿ.ಎಸ್.ಐ.ನವ್ರೇ, ಅದ್ಕೆ ಧೈರ್ಯವಾಗಿ ಹೇಳ್ತೀನಿ, ಆಗತ್ತೆ. ಅಪೊಸ್ತಲರ ಕೃತ್ಯಗಳು 13 ತೆಗೀರಿ, ಅಂತಿಯೋಕ್ಯದ ಸಭೆ ಉಪವಾಸ ಇದ್ದು ಪ್ರಾರ್ಥನೆ ಮಾಡಿ ಬಾರ್ನಬ ಸೌಲರ ಮೇಲೆ ಕೈಯಿಟ್ಟು ಕಳ್ಸ್ತು. ಒಂದು ಸಭೆ ಇನ್ನೊಬ್ರ ಕರೇನ ಹೊತ್ತಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಕೊಡಗಿನ ಕಥೆನೂ ಹಾಗೇ. ಮಂಗಳೂರಲ್ಲಿ 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಶುರು ಮಾಡಿದ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದ್ರು, ಸಿದ್ದಾಪುರದ ಕಡೆ ಆನಂದಪುರದಲ್ಲಿ ಜನ ನೆಲೆ ನಿಂತಿದ್ದು ಅವ್ರ ಕಾಲದಲ್ಲೇ. ಅವ್ರನ್ನ ಕಳ್ಸಿದ ಬಾಸೆಲ್ ಸುತ್ತಮುತ್ತಲಿನ ಮನೆಗಳವ್ರು ವಾರಕ್ಕಿಷ್ಟು ಅಂತ ಚಿಲ್ಲರೆ ಕಾಸು ಎತ್ತಿಟ್ಟು ಮಿಷನ್ನಿಗೆ ಕೊಡ್ತಿದ್ರಂತೆ, ಅವ್ರಲ್ಲಿ ಎಷ್ಟು ಜನಕ್ಕೆ ಕೊಡಗು ಯಾವ ದಿಕ್ಕು ಅಂತ ಗೊತ್ತಿತ್ತು ಹೇಳಿ! ನಿಮ್ಮಲ್ಲಿ ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಲ್ಲಿ ಓದ್ತಾ ಇರೋ ಹುಡುಗ ಹುಡುಗೀರು ಇರ್ತಾರೆ, ವರ್ಗ ಆಗಿ ಊರೂರು ತಿರುಗೋ ಸಭಾಪಾಲಕರಿದ್ದಾರೆ, ಅವ್ರ ಜೊತೆ ತಿರುಗೋ ಅಯ್ಯನವ್ರ ಹೆಂಡ್ತಿ ಮಕ್ಕಳಿದ್ದಾರೆ, ಆ ಮಕ್ಕಳು ಮೂರು ವರ್ಷಕ್ಕೊಂದು ಸ್ಕೂಲು. ಅವ್ರಿಗೆ ಅಂತ ಯಾರೂ ಪ್ರಾರ್ಥನೆ ಮಾಡಲ್ಲ. ಅಲ್ಲಿಂದ ಶುರು ಮಾಡಿ.

ನಮ್ಮ ವಾರ್ಡಲ್ಲೂ ಶುರು ಮಾಡ್ಬೇಕು ಅಂತಿದೆ, ಹೇಗೆ ನಡ್ಸೋದು?

ಮೊದಲ್ನೇದು ಟೈಮು. ನಮ್ಮ ಕಡೆ ಆನೆ ಓಡಾಟ ಇದೆ, ಕತ್ತಲಾದ್ಮೇಲೆ ತೋಟದ ರಸ್ತೇಲಿ ನಡ್ಕೊಂಡು ಹೋಗೋದು ಆಗಲ್ಲ, ಅದ್ಕೆ ಐದು ಗಂಟೆಗೆ ಶುರು ಆರರ ಒಳಗೆ ಮನೆ. ಎರಡ್ನೇದು ಭಾಷೆ. ನಮ್ಮ ಹದಿನೇಳು ಮನೇಲಿ ಕೊಂಕಣಿ, ಮಲಯಾಳ, ತಮಿಳು, ತುಳು, ಈಗ ಲೈನ್‌ಮನೆಗೆ ಬಂದಿರೋ ಜಾರ್ಖಂಡ್ ಕಡೆಯವ್ರ ಹಿಂದಿ. ಕನ್ನಡದಲ್ಲಿ ನಡ್ಸ್ತೀವಿ, ಆದ್ರೆ ಜಪಸರದ ಒಂದೊಂದು ಭಾಗ (ರಹಸ್ಯ ಅಂತೀವಿ) ಅವ್ರವ್ರ ಭಾಷೇಲಿ ಹೇಳ್ಲಿ ಅಂತ ಬಿಟ್ಟಿದ್ದೀವಿ. ಮೊದ್ಲು ಯಾರೋ ಗೊಣಗಿದ್ರು. ಆಮೇಲೆ ಆ ಜಾರ್ಖಂಡ್ ಹೆಣ್ಮಗಳು ನನ್ನ ತಮ್ಮ ಊರಲ್ಲಿ ಸೆಮಿನರೀಲಿದ್ದಾನೆ ಅಂತ ಹೇಳಿದ ದಿನ ಗೊಣಗಾಟ ನಿಂತೋಯ್ತು, ಈಗ ಅವನ ಹೆಸ್ರು ನಮ್ಮ ಪಟ್ಟೀಲಿ ಮೂರನೇದು.

ಒಂದು ಹಳೇ ನೋಟ್‌ಬುಕ್ ಇಡಿ. ಹೆಸ್ರು, ಎಲ್ಲಿದ್ದಾರೆ, ಎಷ್ಟನೇ ವರ್ಷ, ಪರೀಕ್ಷೆ ಯಾವಾಗ. ಸೆಮಿನರಿ ಸೇರಿದ್ಮೇಲೆ ಗುರುದೀಕ್ಷೆಗೆ, ಅಂದ್ರೆ ಫಾದರ್ ಆಗೋಕೆ, ಹತ್ತು ವರ್ಷದ ಆಚೀಚೆ ಹಿಡಿಯತ್ತೆ, ತತ್ವಶಾಸ್ತ್ರ ಆಗ್ಬೇಕು, ದೇವಶಾಸ್ತ್ರ ಆಗ್ಬೇಕು, ಧರ್ಮಸಭೆ ಕಾನೂನಿನ ಪ್ರಕಾರ 25 ತುಂಬದೇ ಸಾಮಾನ್ಯವಾಗಿ ದೀಕ್ಷೆ ಇಲ್ಲ. ಅಷ್ಟು ದಿನ ನೆನಪಿಟ್ಕೊಳ್ಳೋಕೆ ನೋಟ್‌ಬುಕ್ಕೇ ಬೇಕು, ನಮ್ಮ ತಲೆ ಸಾಲಲ್ಲ. ತಿಂಡಿ ವಿಷ್ಯಕ್ಕೆ ಮಾತ್ರ ಪೈಪೋಟಿ ಬೇಡ. ಒಂದ್ಮನೇಲಿ ಕಟ್ಲೆಟ್ ಮಾಡಿದ್ರೆ ಮುಂದಿನ ಮನೆಯವ್ರು ಬಿರಿಯಾನಿ ಮಾಡ್ತಾರೆ, ಆಮೇಲೆ ಕೈಲಾಗ್ದವ್ರು ಪ್ರಾರ್ಥನೆನೇ ನಮ್ಮನೇಲಿ ಬೇಡ ಅಂತಾರೆ. ಕಾಫಿ, ರಸ್ಕು, ಅಷ್ಟೇ.

ಪ್ರಾರ್ಥನೆ ಕೋರಿಕೆನ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬೋದಾ?

ಹೆಸ್ರು ಹಾಕಿ, ಕಾರಣ ಹಾಕ್ಬೇಡಿ. "ಬ್ರದರ್‌ಗೋಸ್ಕರ ಪ್ರಾರ್ಥಿಸಿ, ಅವ್ರು ಮನಸ್ಸು ಬದಲಾಯಿಸೋ ಹಾಗಿದ್ದಾರೆ" ಅಂತ ಯಾರೋ ಒಬ್ರು ಹಾಕಿದ್ದು ರಾತ್ರಿಯೊಳಗೆ ಸುಂಟಿಕೊಪ್ಪ ಸೋಮವಾರಪೇಟೆ ದಾಟಿ ಹೋಯ್ತು, ಆ ಸೆಮಿನರಿ ಹುಡುಗ ಇನ್ನೂ ಅವರಪ್ಪನಿಗೇ ಹೇಳಿರ್ಲಿಲ್ಲ.

## ಸ್ವಲ್ಪ ಕಷ್ಟದ್ದು

ನನ್ ಮಗ ಫಾದರ್ ಆಗ್ಲಿ ಅಂತ ಹುಟ್ಟುವಾಗ್ಲೇ ಹರಕೆ ಹೊತ್ತಿದ್ದೀನಿ. ಈಗ ಅವನು ಇಂಜಿನಿಯರಿಂಗ್ ಅಂತಾನೆ. ಹರಕೆ ತಪ್ಪಿದ್ರೆ ಪಾಪ ಅಲ್ವಾ?

ಬೈಬಲಲ್ಲಿ ಹನ್ನಳೂ ಮಗ ಹುಟ್ಟಿದ್ರೆ ದೇವ್ರಿಗೇ ಕೊಡ್ತೀನಿ ಅಂತ ಹರಕೆ ಹೊತ್ತಿದ್ಲಲ್ಲ (1 ಸಮುವೇಲ 1) ಅಂತ ನೀವು ಹೇಳೋದು ಗೊತ್ತು, ಎಲ್ರೂ ಅದನ್ನೇ ಹೇಳ್ತಾರೆ. ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ಎರಡು ಅಧ್ಯಾಯ ಮುಂದೆ ಓದಿ. ಅಮ್ಮ ತಂದು ಬಿಟ್ಟಿದ್ದಾಯ್ತು, ದೇವಾಲಯದಲ್ಲೇ ಬೆಳೆದಿದ್ದಾಯ್ತು, ಆದ್ರೂ ದೇವ್ರು ಆ ಹುಡುಗ ಸಮುವೇಲನ್ನ ರಾತ್ರಿ ಹೆಸ್ರಿಡಿದು ಬೇರೇನೇ ಕರೀಬೇಕಾಯ್ತು. ಅವನಿಗೋ ಯಾರು ಕರೀತಿದ್ದಾರೆ ಅಂತಾನೇ ಗೊತ್ತಾಗಲ್ಲ, ಮೂರು ಸಲ ಯಾಜಕ ಏಲಿ ಹತ್ರ ಓಡ್ತಾನೆ. ಮುದುಕ ಏಲಿ ಏನ್ಮಾಡ್ದ? ನೀನು ಪ್ರವಾದಿ ಆಗ್ತೀಯಪ್ಪ ಅಂತ ಹೇಳ್ಲಿಲ್ಲ. ಹೋಗಿ ಮಲ್ಕೋ, ಮತ್ತೆ ಕರೆದ್ರೆ ಹೀಗೆ ಉತ್ತರ ಕೊಡು ಅಂದ. ಅಷ್ಟೇ ನಮ್ಮ ಪಾಲಿನ ಕೆಲ್ಸ.

ಧರ್ಮಸಭೆಯ ಕಾನೂನೂ ಇದನ್ನೇ ಹೇಳತ್ತೆ. 1983ರ ಸಂಹಿತೆಯ 1026ನೇ ನಿಯಮ ನೋಡಿ, ದೀಕ್ಷೆ ತಗೊಳ್ಳೋನಿಗೆ ಪೂರ್ತಿ ಸ್ವಾತಂತ್ರ್ಯ ಇರ್ಬೇಕು, ಯಾವ ಕಾರಣಕ್ಕೂ ಯಾವ ರೀತೀಲೂ ಒತ್ತಾಯ ಮಾಡೋ ಹಾಗಿಲ್ಲ, ಅದೇ ಥರ ಯೋಗ್ಯನಾಗಿರೋನನ್ನ ತಡೆಯೋ ಹಾಗೂ ಇಲ್ಲ. ಅಮ್ಮನ ಹರಕೆಗೆ ಅಲ್ಲಿ ವಿನಾಯಿತಿ ಕೊಟ್ಟಿಲ್ಲ. ಹರಕೆ ನಿಮ್ದು, ಅದನ್ನ ನೀವು ತೀರ್ಸ್ಬೋದು, ಇನ್ನೊಬ್ರ ಜೀವನದ ಮೇಲೆ ಹೊತ್ತ ಹರಕೆನ ಅವ್ರು ತೀರಿಸ್ಬೇಕು ಅಂತ ಇಲ್ಲ. ಮನಸ್ಸಿಗೆ ಕಸಿವಿಸಿ ಇದ್ರೆ ಪಾಪನಿವೇದನೇಲಿ ಹೋಗಿ ಗುರುಗಳಿಗೆ ಹೇಳಿ, ಅವ್ರು ಅದನ್ನ ಬೇರೆ ಒಳ್ಳೆ ಕೆಲ್ಸಕ್ಕೆ ಬದಲಾಯಿಸಿ ಕೊಡೋ ದಾರಿ ಹೇಳ್ತಾರೆ. ಕಾಫಿ ಗಿಡಕ್ಕೆ ನೆರಳು ಬೇಕು ನಿಜ, ಆದ್ರೆ ಮರಗಸಿ (ನೆರಳು ಮರದ ಕೊಂಬೆ ಕಡಿದು ಬೆಳಕು ಬಿಡೋದು) ಮಾಡದೇ ಬಿಟ್ರೆ ಅದೇ ನೆರಳಲ್ಲಿ ಗಿಡ ಹೂ ಬಿಡಲ್ಲ, ತೋಟದವ್ರಿಗೆ ನಾನು ಹೇಳ್ಬೇಕಾ.

ಅಷ್ಟು ವರ್ಷ ಪ್ರಾರ್ಥನೆ ಮಾಡಿದ್ವಿ, ಅವನು ಸೆಮಿನರಿ ಬಿಟ್ಟು ಬಂದ್ಬಿಟ್ಟ. ಎಲ್ಲಾ ನೀರಲ್ಲಿ ಹೋಮ ಆಯ್ತಲ್ಲ?

ಇದಕ್ಕೆ ನನ್ನ ಕಥೆನೇ ಹೇಳ್ಬೇಕು, ಮರ್ಯಾದೆ ಹೋಗೋ ಕಥೆ.

ನಮ್ಮಕ್ಕನ ಮಗ ಪಿ.ಯು.ಸಿ. ಮುಗಿಸಿ ಸೆಮಿನರಿ ಸೇರಿದ. ಕುಣಿದಾಡಿದ್ದು ನಾನು. ಮದುವೆಗೆ ಹೋದ್ರೆ ನಮ್ಮ ಫಾದರ್ ಬರ್ತಿದ್ದಾರೆ ಅಂತ ಅವನನ್ನ ಪರಿಚಯ ಮಾಡ್ಸೋದು, ದೀಕ್ಷೆ ದಿನಕ್ಕೆ ಅಂತ ಒಂದು ಸೀರೆ ತೆಗ್ದು ಬೀರುಲಿಟ್ಟಿದ್ದೆ, ಇನ್ನೂ ಎಂಟು ವರ್ಷ ಬಾಕಿ ಇರುವಾಗ! ದಿನಾ ಅವನಿಗೋಸ್ಕರ ಇಡೀ ಜಪಸರ. ಮೂರನೇ ವರ್ಷ ಅವನು ಬಿಟ್ಟು ಬಂದ. ಬಂದೋನು ನಮ್ಮನೆಗೆ ಮಾತ್ರ ಬರ್ಲಿಲ್ಲ. ಎಂಟು ಕಿಲೋಮೀಟರ್ ದೂರದಲ್ಲಿದ್ಕೊಂಡು ಎರಡು ವರ್ಷ ಬರ್ಲಿಲ್ಲ. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ಊರೂರೇ ಹೋಯ್ತಲ್ಲ, ಆವಾಗ ಪರಿಹಾರದ ಅಕ್ಕಿ ಮೂಟೆ ಇಳಿಸುವಾಗ ಒಂದು ಶೆಡ್ಡಲ್ಲಿ ಎದುರಾದ, ಮೈಯೆಲ್ಲಾ ಕೆಸರು. ಅಲ್ಲೇ ಮೂಟೆ ಮೇಲೆ ಕೂತು ಟೀ ಕುಡೀತಾ ಹೇಳ್ದ, "ಚಿಕ್ಕಮ್ಮ, ನೀವು ನಂಗೋಸ್ಕರ ಪ್ರಾರ್ಥನೆ ಮಾಡ್ತಿರ್ಲಿಲ್ಲ, ನಿಮ್ಮ ಫಾದರ್‌ಗೋಸ್ಕರ ಮಾಡ್ತಿದ್ರಿ. ಆ ಫಾದರ್ ನಾನಾಗಿರ್ಲಿಲ್ಲ."

ನಂಗೆ ಮಾತೇ ಹೊರಡ್ಲಿಲ್ಲ. ಅವನು ಹೇಳಿದ್ದು ನಿಜ. ನಾನು ಬೇಡ್ಕೊಂಡಿದ್ದು ಅವನ ಕಿವಿಗಲ್ಲ, ನನ್ನ ಬೀರುಲಿದ್ದ ಸೀರೆಗೆ. ಸೆಮಿನರಿ ಇರೋದೇ ನೋಡೋಕೆ, ಅವನೂ ನೋಡ್ಬೇಕು ಅವ್ರೂ ನೋಡ್ಬೇಕು, ಇದು ನಂದಲ್ಲ ಅಂತ ಗೊತ್ತಾಗಿ ಎದ್ದು ಬಂದ್ರೆ ಅದು ಸೋಲು ಹೇಗಾಗತ್ತೆ, ಕೇಳ್ಸ್ಕೊಂಡಿದ್ದಕ್ಕೇ ತಾನೇ ಎದ್ದು ಬಂದಿದ್ದು. ಈಗ ಅವನಿಗೆ ಮದುವೆ ಆಗಿದೆ, ಇಬ್ರು ಮಕ್ಕಳು, ಕುಶಾಲನಗರದ ಕಡೆ ಇದ್ದಾನೆ, ಅವನ ಹೆಸ್ರು ನೋಟ್‌ಬುಕ್ಕಿಂದ ತೆಗೆದಿಲ್ಲ. ಬಿಟ್ಟು ಬಂದವ್ರಿಗೆ ದಯವಿಟ್ಟು ಒಂದು ಉಪಕಾರ ಮಾಡಿ, ಯಾಕೆ ಬಿಟ್ಟೆ ಅಂತ ಕೇಳ್ಬೇಡಿ. ಊಟಕ್ಕೆ ಕರೀರಿ. ಆ ಸೀರೆನ ಅವನ ಮದುವೆಗೇ ಉಟ್ಟೆ.

ಇರೋಳು ಒಬ್ಳೇ ಮಗಳು, ಕನ್ಯಾಮಠ ಸೇರ್ತೀನಿ ಅಂತಾಳೆ. ನಂಗೆ ಮನಸ್ಸು ಒಪ್ತಿಲ್ಲ. ಬಾಯಲ್ಲಿ ಒಂದು ಮನಸ್ಸಲ್ಲಿ ಒಂದು ಇಟ್ಕೊಂಡು ಪ್ರಾರ್ಥನೆ ಮಾಡೋದು ಹೇಗೆ?

ಮನಸ್ಸಲ್ಲಿ ಇರೋದನ್ನೇ ಹೇಳಿ. ಗೆತ್ಸೆಮನೆ ತೋಟದಲ್ಲಿ ಯೇಸು ಮೊದ್ಲು ಹೇಳಿದ್ದು ಈ ಬಟ್ಟಲು ನನ್ನಿಂದ ತೆಗೀರಿ ಅಂತ, ನಿಮ್ಮ ಚಿತ್ತ ಅಂದಿದ್ದು ಅದಾದ್ಮೇಲೆ. ನಾವು ಮೊದಲ್ನೇ ವಾಕ್ಯ ಹಾರಿಸಿ ಎರಡನೇದಕ್ಕೆ ಹೋಗೋಕೆ ನೋಡ್ತೀವಿ, ಅದ್ಕೇ ಗಂಟಲಲ್ಲಿ ಸಿಕ್ಕಾಕೊಳ್ಳೋದು. "ನಂಗೆ ಇಷ್ಟ ಇಲ್ಲ, ಅವಳು ಹೋದ್ರೆ ಈ ಮನೇಲಿ ಯಾರಿದ್ದಾರೆ" ಅಂತ ಅತ್ಕೊಂಡೇ ಹೇಳಿ, ದೇವ್ರಿಗೆ ಕೇಳ್ಸತ್ತೆ. ಅವಳ ಮುಂದೆನೂ ಒಂದು ಸಲ ಅತ್ಬಿಡಿ, ಆದ್ರೆ ಒಂದೇ ಸಲ, ಆಮೇಲೆ ಅದನ್ನ ಅಸ್ತ್ರ ಮಾಡ್ಕೋಬೇಡಿ.

ಇನ್ನೊಂದು, ಇವತ್ತು ಹೋದ್ರೆ ನಾಳೆನೇ ಎಲ್ಲಾ ಮುಗೀತು ಅಂತ ತುಂಬಾ ಅಮ್ಮಂದಿರು ಅಂದ್ಕೊಂಡಿರ್ತಾರೆ. ಹಾಗಿಲ್ಲ. ಮೊದ್ಲು ಜೊತೇಲಿದ್ದು ನೋಡೋ ಕಾಲ, ಆಮೇಲೆ ನೊವಿಶಿಯೇಟ್ ಅನ್ನೋ ತರಬೇತಿ ಕಮ್ಮಿ ಅಂದ್ರೂ ಹನ್ನೆರಡು ತಿಂಗಳು, ಆಮೇಲೆ ತಾತ್ಕಾಲಿಕ ವ್ರತ ಮೂರು ವರ್ಷಕ್ಕೆ ಕಮ್ಮಿ ಇರೋ ಹಾಗಿಲ್ಲ, ಅದೆಲ್ಲಾ ಆದ್ಮೇಲೆ ಜೀವನಪೂರ್ತಿಯ ನಿತ್ಯವ್ರತ. ಅಷ್ಟೂ ವರ್ಷ ಬಾಗಿಲು ಎರಡೂ ಕಡೆಯಿಂದ ತೆಗ್ದೇ ಇರತ್ತೆ. ಆ ಟೈಮು ಅವಳಿಗೆ ಮಾತ್ರ ಅಲ್ಲ, ನಿಮಗೂ ಕೊಟ್ಟಿದ್ದು.

ನಮ್ಮ ಫಾದರ್ ಕಂಡ್ರೆ ನಂಗಾಗಲ್ಲ. ಅವ್ರಿಗೋಸ್ಕರ ಪ್ರಾರ್ಥನೆ ಮಾಡೋಕೆ ಕೂತ್ರೆ ಕಂಪ್ಲೇಂಟ್ ಆಗೋಗತ್ತೆ.

ನಂಗೂ ಒಬ್ರು ಹಾಗಿದ್ರು, ಹೆಸ್ರು ಬೇಡ, ಈಗ ಇಲ್ಲಿಲ್ಲ. ಅವ್ರು ಬದಲಾಗ್ಲಿ ಅಂತ ಬೇಡೋದು ಬಿಟ್ಬಿಡಿ, ಅದು ಪ್ರಾರ್ಥನೆ ವೇಷದಲ್ಲಿರೋ ದೂರು. ಅವ್ರ ಒಂದು ದಿನ ಹೇಗಿರತ್ತೆ ಅಂತ ಯೋಚ್ನೆ ಮಾಡಿ ಅದಕ್ಕೆ ಪ್ರಾರ್ಥಿಸಿ. ಬೆಳಿಗ್ಗೆ ಮೊದಲ್ನೇ ಪೂಜೆಗೆ ಮಳೇಲಿ ಆರು ಜನ ಬಂದಿರ್ತಾರೆ, ಮಧ್ಯಾಹ್ನ ಒಂದು ಸಾವಿನ ಮನೆ, ಸಂಜೆ ಜಗಳ ಆಡ್ಕೊಂಡು ಬಂದ ಗಂಡ ಹೆಂಡ್ತಿ, ರಾತ್ರಿ ಒಬ್ರೇ ಊಟ. ರಾತ್ರಿ ಒಬ್ರೇ ಊಟ ಮಾಡೋದಕ್ಕೆ ಅಂತ ಒಂದು ತಿಂಗಳು ಪ್ರಾರ್ಥನೆ ಮಾಡಿದೆ, ಸಿಟ್ಟು ಪೂರ್ತಿ ಹೋಗ್ಲಿಲ್ಲ, ಆದ್ರೆ ಒಂದಿನ ಪಾತ್ರೇಲಿ ಕಡಂಬುಟ್ಟು ಕೋಳಿಸಾರು ಕಟ್ಕೊಂಡು ಹೋಗಿ ಕೊಟ್ಟು ಬಂದೆ. ಚರ್ಚಲ್ಲಿ ಅವ್ರ ಪ್ರಸಂಗ ಆಮೇಲೂ ಉದ್ದನೇ ಇತ್ತು.

ದೀಕ್ಷೆಗೆ ಹೋಗ್ತಾ ಇರೋ ಒಬ್ಬನ ನಡತೆ ಸರಿಯಿಲ್ಲ ಅಂತ ನಂಗೊತ್ತು. ಪ್ರಾರ್ಥನೆ ಮಾಡಿ ಸುಮ್ನಿರ್ಬೋದಾ?

ಇರ್ಬಾರ್ದು. ದೀಕ್ಷೆಗೆ ಮುಂಚೆ ಜನ್ರ ಅಭಿಪ್ರಾಯ ಕೇಳೋದು ಇದಕ್ಕೇ, ಅಡ್ಡಿ ಏನಾದ್ರೂ ಗೊತ್ತಿದ್ರೆ ಧರ್ಮಾಧ್ಯಕ್ಷರಿಗೋ ಧರ್ಮಕೇಂದ್ರದ ಗುರುಗಳಿಗೋ ತಿಳಿಸೋದು ವಿಶ್ವಾಸಿಗಳ ಕರ್ತವ್ಯ ಅಂತ 1043ನೇ ನಿಯಮದಲ್ಲೇ ಇದೆ. ಕೇಳಿದ ಮಾತು ಬೇಡ, ನೀವೇ ಕಂಡಿದ್ದನ್ನ ಬರವಣಿಗೇಲಿ ಕೊಡಿ. ಮಕ್ಕಳಿಗೆ ತೊಂದ್ರೆ ಆಗಿರೋ ವಿಷ್ಯ ಆದ್ರೆ ಚರ್ಚ್ ಆಫೀಸ್ ಅಂತ ಕಾಯ್ಬೇಡಿ, ಪೊಲೀಸ್ರಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ಹೇಳ್ದೇ ಇರೋದೇ ಅಪರಾಧ. ಪ್ರಾರ್ಥನೆ ಆ ಮಗುಗೋಸ್ಕರ ಮೊದ್ಲು ಮಾಡಿ.

ದೀಕ್ಷೆ ಆಗೋಯ್ತು, ಇನ್ನು ಪಟ್ಟಿಯಿಂದ ಹೆಸ್ರು ತೆಗೀಬೋದಲ್ಲ?

ಅಯ್ಯೋ, ಆವಾಗ್ಲೇ ಜಾಸ್ತಿ ಬೇಕಾಗೋದು. ಅಮಾಲೇಕ್ಯರ ಜೊತೆ ಯುದ್ಧ ಆಗುವಾಗ ಮೋಶೆ ಕೈ ಎತ್ತಿ ಹಿಡಿದಿರೋವರೆಗೂ ಗೆಲುವು, ಕೈ ಸೋತು ಇಳಿದ್ರೆ ಸೋಲು, ಆವಾಗ ಆರೋನ ಹೂರ ಇಬ್ರೂ ಕಲ್ಲು ತಂದು ಕೂರಿಸಿ ಆಚೆ ಈಚೆ ನಿಂತು ಹೊತ್ತು ಮುಳುಗೋವರೆಗೂ ಕೈ ಹಿಡ್ಕೊಂಡ್ರು (ವಿಮೋಚನಕಾಂಡ 17). ಹೊತ್ತು ಮುಳುಗೋವರೆಗೂ, ಅದನ್ನ ಗಮನಿಸಿ. ನಾವು ದೀಕ್ಷೆ ದಿನ ಹಾರ ಹಾಕಿ ಫೋಟೋ ತೆಗೆಸ್ಕೊಂಡು ಕೈ ಬಿಡ್ತೀವಿ. ನಿವೃತ್ತಿ ಆಗಿ ರೂಮಲ್ಲಿ ಕೂತಿರೋ ಫಾದರ್‌ಗಳು, ಮಂಡಿ ನೋವಿನ ಸಿಸ್ಟರ್‌ಗಳು ಇದ್ದಾರೆ, ನಮಗೆ ಪರಮಪ್ರಸಾದ ಮೊದಲ ಸಲ ಕೊಟ್ಟವ್ರು, ನಮಗೆ ಅಆಇಈ ಕಲ್ಸಿದವ್ರು. ಅವ್ರ ಹೆಸ್ರು ಯಾರ ನೋಟ್‌ಬುಕ್ಕಲ್ಲೂ ಇರಲ್ಲ.

ಇಷ್ಟು ವರ್ಷ ಆಯ್ತು, ನಮ್ಮೂರಿಂದ ಒಬ್ರೂ ಹೋಗಿಲ್ಲ. ನಮ್ಮ ಪ್ರಾರ್ಥನೆ ಕೇಳ್ತಾ ಇದ್ದಾನಾ ದೇವ್ರು?

ಈ ಪ್ರಶ್ನೆ ನಮ್ಮ ವಾರ್ಡಲ್ಲೇ ಪ್ರತಿ ವರ್ಷ ಬರತ್ತೆ, ಜೂನಲ್ಲಿ ಅಡ್ಮಿಷನ್ ಟೈಮಿಗೆ ಸರಿಯಾಗಿ. ಮನೆಗೆ ಒಂದೋ ಎರಡೋ ಮಕ್ಕಳು, ಓದು ಮುಗೀತಿದ್ದ ಹಾಗೆ ಬೆಂಗಳೂರು, ಅಲ್ಲಿಂದ ಕೆನಡಾ, ತೋಟ ನೋಡ್ಕೊಳ್ಳೋಕೇ ಜನ ಇಲ್ಲ. ನಿಜ. ಆದ್ರೆ ನಮ್ಮೂರಿನ ಲೆಕ್ಕನ ನಮ್ಮೂರಲ್ಲೇ ಮುಗಿಸ್ಬಾರ್ದು. ಟಿಪ್ಪು ಕಾಲದಲ್ಲಿ ಕರಾವಳಿಯ ಕ್ರೈಸ್ತರು ಸೆರೆ ಸಿಕ್ಕಿ ಚದುರಿ ಹೋದಾಗ ಅವ್ರಲ್ಲಿ ಒಂದಷ್ಟು ಜನ ತಪ್ಪಿಸ್ಕೊಂಡು ಇಲ್ಲಿಗೆ ಬಂದ್ರು, ನಮ್ಮ ಧರ್ಮದವ್ರಲ್ಲದ ರಾಜ ದೊಡ್ಡವೀರರಾಜೇಂದ್ರ ಅವ್ರಿಗೆ ಜಾಗ ಕೊಟ್ಟ, 1792ರಲ್ಲಿ ವಿರಾಜಪೇಟೇಲಿ ಸಂತ ಅನ್ನಮ್ಮನ ಚರ್ಚ್ ಶುರುವಾಯ್ತು. ಇಲ್ಲಿ ಪೂಜೆ ಹೇಳೋಕೆ ಅವತ್ತಿಂದ ಇವತ್ತಿನವರೆಗೆ ಬಂದವ್ರಲ್ಲಿ ಮುಕ್ಕಾಲು ಜನ ಬೇರೆ ಯಾವ್ದೋ ಊರಿನ ಅಮ್ಮಂದಿರ ಮಕ್ಕಳು. ಆ ಊರುಗಳಲ್ಲಿ ಯಾರೋ ಪ್ರಾರ್ಥನೆ ಮಾಡಿದ್ರು, ನಮಗೆ ಸಿಕ್ತು. ನಮ್ಮ ಪ್ರಾರ್ಥನೆ ಯಾವ ಊರಿಗೆ ಸಿಗ್ತಿದ್ಯೋ, ಆ ಜಾರ್ಖಂಡ್ ಹುಡುಗ ಈಗ ದೇವಶಾಸ್ತ್ರ ಎರಡನೇ ವರ್ಷ.

ಅಂದ್ಹಾಗೆ ಮುಂದಿನ ಗುರುವಾರ ನಮ್ಮನೇಲೇ. ಐದು ಗಂಟೆಗೆ ಬನ್ನಿ, ಮೇಲಿನ ಗೇಟಿಂದ ಬರ್ಬೇಡಿ, ಹೊಳೆ ಬದಿ ಸಿಲ್ವರ್ ಮರದ ಸಾಲಲ್ಲಿ ಮೊನ್ನೆಯಿಂದ ಒಂಟಿ ಸಲಗ ಇದೆ. ಟಾರ್ಚ್ ತನ್ನಿ.